ಮೂತ್ರಪಿಂಡ ರೋಗ ಮತ್ತು ಮೂತ್ರಪಿಂಡ ಕಸಿ: ಸಂಶೋಧನೆಯ ಹಾದಿ, ಗುರುಮಠಕಲ್ ಸೀಮೆಯ ನೋಟ

ಮೂತ್ರಪಿಂಡಗಳ ರಚನೆ ಇಲ್ಲವೆ ಕೆಲಸ ಕೆಡುವುದರಿಂದ ಬರುವ ಕಾಯಿಲೆಗಳಿಗೆಲ್ಲ ಒಟ್ಟಾಗಿ ಮೂತ್ರಪಿಂಡ ರೋಗ ಎಂದು ಹೆಸರು. ಕೆಲವೇ ದಿನಗಳಲ್ಲಿ ಕೆಟ್ಟು, ಚಿಕಿತ್ಸೆ ಸಿಕ್ಕರೆ ಬಹುಪಾಲು ಸರಿಹೋಗುವಂಥದ್ದು ತೀವ್ರ ಹಾನಿ. ಮೂರು ತಿಂಗಳು ಮೀರಿ ಉಳಿದು, ವರ್ಷಗಳ ಕಾಲ ಸದ್ದಿಲ್ಲದೆ ಬೆಳೆಯುವಂಥದ್ದು ದೀರ್ಘಕಾಲೀನ ರೋಗ. ಎರಡನೆಯದು ಕೊನೆಯ ಹಂತ ಮುಟ್ಟಿದಾಗ ಉಳಿಯುವ ದಾರಿಗಳು ಎರಡೇ: ರಕ್ತವನ್ನು ಕೃತಕವಾಗಿ ಸೋಸುವ ಡಯಾಲಿಸಿಸ್, ಇಲ್ಲವೆ ಇನ್ನೊಬ್ಬರ ಮೂತ್ರಪಿಂಡದ ಕಸಿ. ಇವುಗಳ ಬಗ್ಗೆ ಕಳೆದ ಎರಡು ಶತಮಾನಗಳಲ್ಲಿ ನಡೆದ ಸಂಶೋಧನೆಯನ್ನು ಸಾಮಾನ್ಯವಾಗಿ ಲಂಡನ್, ಬೋಸ್ಟನ್, ವೆಲ್ಲೂರುಗಳ ಆಸ್ಪತ್ರೆಗಳಲ್ಲಿ ನಿಂತು ವಿವರಿಸುತ್ತಾರೆ. ಈ ಲೇಖನ ಅದನ್ನು ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯಿಂದ ನೋಡುತ್ತದೆ. ತೆಲಂಗಾಣದ ಗಡಿಗೆ ಒತ್ತಿಕೊಂಡ, ತೊಗರಿ ಬೆಳೆಯುವ, ಬೇಸಿಗೆಯಲ್ಲಿ ಗುಳೆ ಹೋಗುವ ಈ ಸೀಮೆಯಲ್ಲಿ ರೋಗಿಯ ಹಣೆಬರಹ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ ಅದಕ್ಕೂ ಹತ್ತು ವರ್ಷ ಮೊದಲು ಮತ್ತು ಅದರ ನಂತರದ ಹತ್ತು ವರ್ಷಗಳಲ್ಲಿ ನಿರ್ಧಾರವಾಗುತ್ತದೆ. ಸಂಶೋಧನೆಯ ಸಾರವೂ ಅದನ್ನೇ ಹೇಳುತ್ತದೆ.

ಅಂಗ ಮತ್ತು ಅಳತೆ

ಬೆನ್ನೆಲುಬಿನ ಎರಡೂ ಬದಿಗೆ, ಪಕ್ಕೆಲುಬುಗಳ ಕೆಳಗಿರುವ ಈ ಅಂಗಗಳಲ್ಲಿ ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್ ಎಂಬ ಸೂಕ್ಷ್ಮ ಶೋಧಕಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ರಕ್ತದಿಂದ ಸೋಸಿ ಇಳಿಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮರಳಿ ರಕ್ತ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಕಸ ಹೊರಹಾಕುವುದಷ್ಟೇ ಅಲ್ಲ, ರಕ್ತದೊತ್ತಡ ಕಾಯುವುದು, ಕೆಂಪು ರಕ್ತಕಣ ಹುಟ್ಟಿಸುವ ಹಾರ್ಮೋನು ಸುರಿಸುವುದು, ಎಲುಬಿಗೆ ಬೇಕಾದ ಡಿ ಜೀವಸತ್ವವನ್ನು ಚುರುಕುಗೊಳಿಸುವುದು ಕೂಡ ಇವುಗಳ ಕೆಲಸ. ಹಾಗಾಗಿಯೇ ಮೂತ್ರಪಿಂಡ ಸೋತವರಲ್ಲಿ ರಕ್ತಹೀನತೆ, ಏರಿದ ಬಿಪಿ, ಎಲುಬು ನೋವು ಒಟ್ಟಿಗೆ ಕಾಣುತ್ತವೆ.

ಈ ಅಂಗಕ್ಕೆ ಇರುವ ಮೀಸಲು ಶಕ್ತಿಯೇ ರೋಗಿಗೆ ಮುಳುವಾಗುತ್ತದೆ. ಅರ್ಧಕ್ಕೂ ಹೆಚ್ಚು ಸಾಮರ್ಥ್ಯ ಹೋದರೂ ನೋವಿಲ್ಲ, ಮೂತ್ರ ನಿಂತಿಲ್ಲ, ಕೆಲಸ ಬಿಟ್ಟಿಲ್ಲ. ಕಾಲು ಬಾತು, ಮುಖ ಊದಿ, ಊಟ ಸೇರದೆ ವಾಂತಿ ಶುರುವಾದ ಮೇಲೆ ‘ಎರಡೂ ಕಿಡ್ನಿ ಫೇಲ್ ಆಗ್ಯಾವ’ ಎಂಬ ಮಾತು ಕಿವಿಗೆ ಬೀಳುತ್ತದೆ. ಊದಿದ ಮೈ, ಮೂತ್ರದಲ್ಲಿ ಅಲ್ಬುಮಿನ್, ಕೆಟ್ಟ ಮೂತ್ರಪಿಂಡ ಈ ಮೂರನ್ನೂ ಒಂದೇ ರೋಗದ ಮುಖಗಳೆಂದು 1827ರಲ್ಲಿ ಗುರುತಿಸಿದವರು ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್. ಚಮಚದಲ್ಲಿ ಮೂತ್ರವನ್ನು ಕಾಯಿಸಿ, ಅದು ಹೆಪ್ಪುಗಟ್ಟುವುದೇ ಎಂದು ನೋಡುವುದು ಆಗಿನ ಪರೀಕ್ಷೆ. ಈಗ ಆ ಕೆಲಸವನ್ನು ಬಣ್ಣ ತಿರುಗುವ ಒಂದು ಪಟ್ಟಿ ಮಾಡುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದು. ಇಷ್ಟು ಅಗ್ಗದ ಪರೀಕ್ಷೆ ಬಿಪಿ, ಶುಗರ್ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಆಗಲೇಬೇಕಾದದ್ದು.

ಎರಡನೆಯ ಪರೀಕ್ಷೆ ರಕ್ತದ ಕ್ರಿಯಾಟಿನಿನ್. ಸ್ನಾಯುಗಳಿಂದ ಹುಟ್ಟುವ ಈ ಕಸದ ಮಟ್ಟವನ್ನು, ವಯಸ್ಸು ಮತ್ತು ಲಿಂಗವನ್ನು ಒಂದು ಸೂತ್ರಕ್ಕೆ ಹಾಕಿ, ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂದು ಅಂದಾಜು ಮಾಡುತ್ತಾರೆ. ಆ ಅಂಕಿ ಮೂರು ತಿಂಗಳು 60ಕ್ಕಿಂತ ಕೆಳಗೇ ಇದ್ದರೆ, ಅಥವಾ ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಲೇ ಇದ್ದರೆ ದೀರ್ಘಕಾಲೀನ ರೋಗ ಎಂದು ಅಂತರರಾಷ್ಟ್ರೀಯ ಒಪ್ಪಿಗೆ. 15ಕ್ಕಿಂತ ಇಳಿದರೆ ಐದನೆಯ, ಅಂದರೆ ಕೊನೆಯ ಹಂತ. ಸೂತ್ರಗಳನ್ನು ಕಟ್ಟಿದ್ದು ಮುಖ್ಯವಾಗಿ ಅಮೆರಿಕದ ಜನರ ಮೇಲೆ. ಅವರಿಗಿಂತ ಸ್ನಾಯು ಕಡಿಮೆ ಇರುವ, ಮಾಂಸ ಅಪರೂಪಕ್ಕೆ ತಿನ್ನುವ, ಮೈ ಸಣ್ಣಗಿರುವ ನಮ್ಮ ರೈತ ಕೂಲಿಗಳಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಆದ್ದರಿಂದ ಸೂತ್ರ ಅವರ ಮೂತ್ರಪಿಂಡವನ್ನು ಇರುವುದಕ್ಕಿಂತ ಚೆನ್ನಾಗಿದೆ ಎಂದು ತೋರಿಸಬಹುದು. ಭಾರತದಲ್ಲಿ ನಿಜವಾದ ಸೋಸುವಿಕೆಯನ್ನು ಅಳೆದು ಹೋಲಿಸಿದ ಅಧ್ಯಯನಗಳು ಈ ದೋಷವನ್ನು ದೃಢಪಡಿಸಿವೆ.

ಎಷ್ಟು ಜನರಿಗಿದೆ

ಈ ದೋಷದ ಪರಿಣಾಮ ಎಷ್ಟೆಂಬುದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಶಿವಮೊಗ್ಗದ ನೆಫ್ರಾಲಜಿಸ್ಟ್ ವೈ. ಜೆ. ಅನುಪಮಾ ಮತ್ತು ಜಿ. ಉಮಾ ಅವರು ಆ ಜಿಲ್ಲೆಯ ಹಳ್ಳಿಗಳಲ್ಲಿ 2091 ವಯಸ್ಕರನ್ನು ಪರೀಕ್ಷಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಒಂದು ಸೂತ್ರದ ಪ್ರಕಾರ ರೋಗವಿದ್ದವರು ನೂರಕ್ಕೆ 6.3, ಅದೇ ಜನರ ಅದೇ ರಕ್ತಕ್ಕೆ ಇನ್ನೊಂದು ಸೂತ್ರ ಹಚ್ಚಿದಾಗ 16.5. ಎರಡೂವರೆ ಪಟ್ಟು ವ್ಯತ್ಯಾಸ! ಕರ್ನಾಟಕದ ಹಳ್ಳಿಗಾಡಿನಲ್ಲಿ ಮನೆಬಾಗಿಲಿಗೆ ಹೋಗಿ ಮಾಡಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ದೇಶದ 13 ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ‘ಸೀಕ್’ ಅಧ್ಯಯನ ನೂರಕ್ಕೆ 17.2 ಎಂದು ಹೇಳಿತು. ಆದರೆ ಅದರಲ್ಲಿ ಮೂರನೆಯ ಹಂತ ಅಥವಾ ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿದ್ದವರು ನೂರಕ್ಕೆ ಸುಮಾರು 6 ಮಾತ್ರ.

ಸಾವಿನ ಲೆಕ್ಕ ಇನ್ನೂ ಗಟ್ಟಿ. ಮನೆಮಂದಿಯನ್ನು ಕೇಳಿ ಸಾವಿನ ಕಾರಣ ಗುರುತಿಸುವ ‘ಮಿಲಿಯನ್ ಡೆತ್ ಸ್ಟಡಿ’ಯ ಪ್ರಕಾರ, 15ರಿಂದ 69 ವಯಸ್ಸಿನವರ ಸಾವುಗಳಲ್ಲಿ ಮೂತ್ರಪಿಂಡ ವೈಫಲ್ಯದ ಪಾಲು 2001–03ರಲ್ಲಿ ನೂರಕ್ಕೆ 2.1 ಇದ್ದದ್ದು 2010–13ರ ಹೊತ್ತಿಗೆ 2.9ಕ್ಕೆ ಏರಿತು. ದುಡಿಯುವ ವಯಸ್ಸಿನವರ ಲೆಕ್ಕ ಇದು ಎಂಬುದನ್ನು ಮರೆಯಬಾರದು.

ರೋಗಕ್ಕೆ ಕಾರಣವೇನು ಎಂಬುದಕ್ಕೆ 52,273 ರೋಗಿಗಳ ವಿವರ ಸೇರಿಸಿ 2012ರಲ್ಲಿ ಪ್ರಕಟವಾದ ಭಾರತೀಯ ದಾಖಲಾತಿ ಮುಖ್ಯ ಆಧಾರ. ನೂರರಲ್ಲಿ 31 ಜನಕ್ಕೆ ಸಕ್ಕರೆ ಕಾಯಿಲೆಯಿಂದ, 14 ಜನಕ್ಕೆ ಶೋಧಕಗಳ ಉರಿಯೂತದಿಂದ, 13 ಜನಕ್ಕೆ ಏರು ರಕ್ತದೊತ್ತಡದಿಂದ ಬಂದಿತ್ತು. 16 ಜನಕ್ಕೆ ಕಾರಣವೇ ಗೊತ್ತಾಗಲಿಲ್ಲ. ಕಾರಣ ತಿಳಿಯದವರು ಉಳಿದವರಿಗಿಂತ ಚಿಕ್ಕ ವಯಸ್ಸಿನವರು, ಹೆಚ್ಚು ಬಡವರು, ಆಸ್ಪತ್ರೆಗೆ ಬಂದಾಗಲೇ ಕೊನೆಯ ಹಂತದಲ್ಲಿದ್ದವರು. ಈ ವಾಕ್ಯ ಓದಿದಾಗ ಯಾದಗಿರಿ, ಶಹಾಪುರ, ಸುರಪುರಗಳ ಕೂಲಿಕಾರರ ಮುಖ ಎದುರು ಬಾರದೆ ಇರದು.

ನೀರು, ಬಿಸಿಲು, ಹಾವು, ಗುಳಿಗೆ

ಸುರಪುರ ತಾಲ್ಲೂಕಿನ ಮಂಗಳೂರು ಶಿಲಾಪಟ್ಟಿಯಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಇರುತ್ತದೆ, ಗಣಿ ಮುಚ್ಚಿದರೂ ಅದು ಮಣ್ಣಿನಲ್ಲಿ, ನೀರಿನಲ್ಲಿ ಉಳಿಯುತ್ತದೆ. ಅಲ್ಲಿಯ ಕಿರದಳ್ಳಿ ತಾಂಡಾದ ಲಂಬಾಣಿ ಜನರಲ್ಲಿ ಅಂಗೈ, ಅಂಗಾಲು ಗಂಟುಕಟ್ಟಿ, ಮೈಮೇಲೆ ಕಲೆ ಎದ್ದದ್ದು ಸುದ್ದಿಯಾದ ಮೇಲೆ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮಿತಿ ಮೀರಿತ್ತು. ಅತಿ ಹೆಚ್ಚು ಕಂಡದ್ದು 303. ನೋಡಿದ 181 ಜನರಲ್ಲಿ ನೂರಕ್ಕೆ 58.6 ಮಂದಿಗೆ ಚರ್ಮದ ಗಾಯಗಳಿದ್ದವು. 171 ಜನರ ಕೂದಲು, ಉಗುರು ಪರೀಕ್ಷಿಸಿದಾಗ ಎಲ್ಲರಲ್ಲೂ ವಿಷದ ಮಟ್ಟ ಏರಿತ್ತು. ಇದು ಚರ್ಮರೋಗದ ಅಧ್ಯಯನ, ಮೂತ್ರಪಿಂಡದ್ದಲ್ಲ. ಬೇರೆ ದೇಶಗಳಲ್ಲಿ ಆರ್ಸೆನಿಕ್ ನೀರು ಕುಡಿದವರಲ್ಲಿ ಅಲ್ಬುಮಿನ್ ಸೋರುವುದು ಹೆಚ್ಚು ಎಂಬ ನಂಟು ಕಂಡಿದೆ, ಅದು ಕಾರಣವೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆದರೆ ದೇಹ ಸೇರಿದ ಆರ್ಸೆನಿಕ್ ಹೊರಹೋಗುವ ಮುಖ್ಯ ದಾರಿ ಮೂತ್ರಪಿಂಡವೇ. ಇಂಥ ತಾಂಡಾದ ಜನರ ಚರ್ಮ ನೋಡಿದ ವಿಜ್ಞಾನ ಅವರ ಮೂತ್ರವನ್ನೂ ವರ್ಷ ವರ್ಷ ನೋಡಬೇಕಾದದ್ದು ನ್ಯಾಯ.

ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5ರ ತನಕ ಸರಿ ಎಂದು ಭಾರತೀಯ ಮಾನಕ ಹೇಳುತ್ತದೆ. ಫ್ಲೋರೈಡ್ ಹೊರಹಾಕುವುದೂ ಮೂತ್ರಪಿಂಡವೇ ಆದ್ದರಿಂದ, ಅದು ಸೋತವರಲ್ಲಿ ಫ್ಲೋರೈಡ್ ದೇಹದಲ್ಲೇ ಉಳಿದು ಎಲುಬಿಗೆ ಅಂಟುತ್ತದೆ.

ಬಿಸಿಲಿನ ಕಥೆ ಹೊಸದು. ನಿಕರಾಗುವ, ಎಲ್ ಸಾಲ್ವಡಾರ್‌ಗಳ ಕಬ್ಬಿನ ಗದ್ದೆಗಳಲ್ಲಿ, ಶ್ರೀಲಂಕೆಯ ಭತ್ತದ ಸೀಮೆಯಲ್ಲಿ, ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲದ ದುಡಿಮೆಗಾರರ ಮೂತ್ರಪಿಂಡ ಕೆಡುತ್ತಿರುವುದನ್ನು ಸಂಶೋಧಕರು ಕಂಡರು. ಸುಡುಬಿಸಿಲಲ್ಲಿ ನೀರಿಲ್ಲದೆ ದುಡಿಯುವುದು, ಕೀಟನಾಶಕ, ಲೋಹಗಳು, ಸೋಂಕು ಹೀಗೆ ಹಲವು ಶಂಕೆಗಳಿವೆ. ಒಂದೇ ಉತ್ತರ ಎಲ್ಲ ಕಡೆಗೂ ಹೊಂದುವುದಿಲ್ಲ ಎಂಬುದು ಈಗಿನ ಅಭಿಪ್ರಾಯ. ಚೆನ್ನೈನ ವಿದ್ಯಾ ವೇಣುಗೋಪಾಲ್ ತಂಡ ತಮಿಳುನಾಡಿನ ಉಪ್ಪಿನ ಗದ್ದೆಗಳ 352 ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ 7 ಜನರಲ್ಲಿ ಸೋಸುವ ಶಕ್ತಿ ಕುಗ್ಗಿತ್ತು. ಬಹುತೇಕರು ಮಿತಿ ಮೀರಿದ ಬಿಸಿಲಿಗೆ ಮೈಯೊಡ್ಡಿದ್ದರು. ಕೆಲಸದ ಜಾಗದಲ್ಲಿ ಕಕ್ಕಸು ಇಲ್ಲದ್ದರಿಂದ ಹೆಂಗಸರು ನೀರು ಕುಡಿಯುವುದನ್ನೇ ತಡೆಯುತ್ತಾರೆ. ಯಾದಗಿರಿ ಸೀಮೆಯಿಂದ ಬೆಂಗಳೂರು, ಹೈದರಾಬಾದ್, ಮುಂಬೈಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರ ಬದುಕಿಗೂ ಈ ಮಾತು ಒಪ್ಪುತ್ತದೆ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ನೀರು, ನೆರಳು, ವಿರಾಮ ಕಡ್ಡಾಯ ಮಾಡಿದಾಗ ಹಾನಿ ತಗ್ಗಿದ್ದು ಈ ಕ್ಷೇತ್ರದ ಅತ್ಯಂತ ಭರವಸೆಯ ಫಲಿತಾಂಶಗಳಲ್ಲಿ ಒಂದು.

ತೀವ್ರ ಹಾನಿಯ ಪಟ್ಟಿಯಲ್ಲಿ ಹೊಲದ ಮನುಷ್ಯನಿಗೆ ಮೊದಲು ನೆನಪಾಗುವುದು ಕೊಳಕುಮಂಡಲ ಹಾವು. ಅದರ ವಿಷ ರಕ್ತ ಹೆಪ್ಪುಗಟ್ಟುವ ಕ್ರಮವನ್ನು ಕೆಡಿಸಿ, ಮೂತ್ರಪಿಂಡದ ಸಣ್ಣ ರಕ್ತನಾಳಗಳನ್ನು ಮುಚ್ಚಿ, ನೆಫ್ರಾನ್‌ಗಳನ್ನು ಸಾಯಿಸುತ್ತದೆ. ವಿಷನಿರೋಧಕ ಚುಚ್ಚುಮದ್ದು ಎಷ್ಟು ಬೇಗ ಸಿಕ್ಕರೆ ಅಷ್ಟು ನೆಫ್ರಾನ್ ಉಳಿಯುತ್ತವೆ, ಮಂತ್ರ ಹಾಕಿಸಲು ಕಳೆದ ಗಂಟೆಗಳು ಡಯಾಲಿಸಿಸ್ಸಿಗೆ ದಾರಿ ಮಾಡುತ್ತವೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದರಿಂದ ಇನ್ನು ಮುಂದೆ ಇದರ ನಿಜವಾದ ಲೆಕ್ಕ ಸಿಗುವ ಸಾಧ್ಯತೆ ಇದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ, ಕೂದಲಿಗೆ ಹಚ್ಚುವ ಬಣ್ಣ ಕುಡಿದು ಬರುವವರಲ್ಲೂ ಮೊದಲು ಸೋಲುವ ಅಂಗಗಳಲ್ಲಿ ಮೂತ್ರಪಿಂಡ ಒಂದು. ಇವೆಲ್ಲಕ್ಕಿಂತ ಸದ್ದಿಲ್ಲದ್ದು ನೋವಿನ ಗುಳಿಗೆ. ದಿನವಿಡೀ ಬಗ್ಗಿ ದುಡಿದವರು ಸೊಂಟನೋವಿಗೆ, ಮಂಡಿನೋವಿಗೆ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳುವ ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಮೈಯಲ್ಲಿ ನೀರು ಬತ್ತಿದಾಗ ನುಂಗಿದರೆ ಹಾನಿ ಇಮ್ಮಡಿ.

ತಡೆಯುವ ಸಂಶೋಧನೆ

ಚೆನ್ನೈನ ನೆಫ್ರಾಲಜಿಸ್ಟ್ ಎಂ. ಕೆ. ಮಣಿ 1990ರ ದಶಕದ ಕೊನೆಯಲ್ಲಿ ಸುಮಾರು 25,000 ಜನಸಂಖ್ಯೆಯ ಹಳ್ಳಿಗಳನ್ನು ಆಯ್ದುಕೊಂಡು ಒಂದು ಪ್ರಯೋಗ ಆರಂಭಿಸಿದರು. ಅಲ್ಲಿಯದೇ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿ ಬಿಪಿ ಅಳೆಸಿದರು, ಮೂತ್ರ ಪರೀಕ್ಷೆ ಮಾಡಿಸಿದರು. ರೋಗ ಕಂಡವರಿಗೆ ಕೊಟ್ಟದ್ದು ಹಳೆಯ, ಅತಿ ಅಗ್ಗದ ಮಾತ್ರೆಗಳು. ತಲೆಗೆ ವರ್ಷಕ್ಕೆ ತಗಲಿದ ವೆಚ್ಚ ಅಮೆರಿಕದ ಡಾಲರಿನ ಕಾಲು ಭಾಗ. ಬಿಪಿ ಇದ್ದವರಲ್ಲಿ ಬಹುತೇಕ ಎಲ್ಲರದೂ ಹತೋಟಿಗೆ ಬಂತು. ಮೂತ್ರಪಿಂಡ ವಿಜ್ಞಾನದಲ್ಲಿ ನೊಬೆಲ್ ಪಡೆದ ಕೆಲಸಗಳ ಪಕ್ಕದಲ್ಲಿ ಇದನ್ನೂ ಇಡಬೇಕೆಂಬುದು ಈ ಲೇಖಕನ ನಿಲುವು. ಆಶಾ ಕಾರ್ಯಕರ್ತೆಯರು ಈಗ ಪ್ರತಿ ಹಳ್ಳಿಯಲ್ಲೂ ಇರುವ ಕರ್ನಾಟಕದಲ್ಲಿ ಇದೇ ಮಾದರಿ ನಡೆಸಲು ಹೊಸ ವ್ಯವಸ್ಥೆಯೇನೂ ಬೇಕಾಗಿಲ್ಲ.

ಔಷಧ ಸಂಶೋಧನೆಯಲ್ಲಿ ಇತ್ತೀಚಿನ ದೊಡ್ಡ ತಿರುವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು. 2019ರ ‘ಕ್ರೆಡೆನ್ಸ್’, 2020ರ ‘ಡಾಪಾ-ಸಿಕೆಡಿ’, 2023ರ ‘ಎಂಪಾ-ಕಿಡ್ನಿ’ ಈ ಮೂರೂ ಪ್ರಯೋಗಗಳು ರೋಗ ಮುಂದುವರಿಯುವ ವೇಗವನ್ನು ತಗ್ಗಿಸಿ ತೋರಿಸಿದವು. 4304 ಜನರ ಮೇಲೆ ನಡೆದ ‘ಡಾಪಾ-ಸಿಕೆಡಿ’ಯಲ್ಲಿ ಮೂತ್ರಪಿಂಡ ಕುಸಿಯುವ, ಅದರಿಂದ ಅಥವಾ ಹೃದಯದ ಕಾಯಿಲೆಯಿಂದ ಸಾಯುವ ಒಟ್ಟು ಅಪಾಯ ನೂರಕ್ಕೆ 39 ಕಡಿಮೆಯಾಯಿತು; ಸಕ್ಕರೆ ಕಾಯಿಲೆ ಇಲ್ಲದವರಿಗೂ ಲಾಭವಾಯಿತು. ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದಿದೆ.

ಡಯಾಲಿಸಿಸ್

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನ ಕಾಂಪೆನ್ ಊರಿನಲ್ಲಿ ವಿಲಂ ಕೋಲ್ಫ್ ಮೊದಲ ಬಳಕೆಯೋಗ್ಯ ಯಂತ್ರ ಕಟ್ಟಿದರು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರಕ್ತನಾಳಕ್ಕೆ ಕಾಯಂ ನಳಿಕೆ ಜೋಡಿಸುವ ದಾರಿ ಕಂಡುಹಿಡಿದ ಮೇಲೆ ಒಬ್ಬನೇ ರೋಗಿಗೆ ವಾರವಾರವೂ, ವರ್ಷಗಟ್ಟಲೆ ಮಾಡುವುದು ಸಾಧ್ಯವಾಯಿತು. ಈಗ ಮುಂಗೈಯ ರಕ್ತನಾಳಗಳನ್ನು ಸೇರಿಸಿ ಮಾಡುವ ಫಿಸ್ಟುಲಾ ಅದರ ಜಾಗ ಪಡೆದಿದೆ.

2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿತು. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಘಟಕಗಳು ನಡೆಯುತ್ತವೆ. ಒಬ್ಬರಿಗೆ ಬಳಸಿದ ಶೋಧಕವನ್ನು ತೊಳೆದು ಮತ್ತೆ ಬಳಸದೆ ಬಿಸಾಡುವ ಪದ್ಧತಿ 2024ರಿಂದ ಜಾರಿಗೆ ಬಂತು. ಡಯಾಲಿಸಿಸ್ ಉಚಿತವಾದರೂ ವಾರಕ್ಕೆ ಎರಡು ಮೂರು ಸಲ ಹೋಗಿಬರುವ ಬಸ್ಸು, ಜೊತೆಗೆ ಬರುವವರ ಕಳೆದ ಕೂಲಿ, ರಕ್ತ ಹೆಚ್ಚಿಸುವ ಚುಚ್ಚುಮದ್ದು ಉಚಿತವಾಗುವುದಿಲ್ಲ. ಹೀಗಾಗಿ ವಾರಕ್ಕೆ ಮೂರರ ಬದಲು ಎರಡು, ಆಮೇಲೆ ಒಂದು, ಕೊನೆಗೆ ನಿಲ್ಲಿಸುವುದು. ದೇಶದ ಹಲವು ಕಡೆಯ ಅಧ್ಯಯನಗಳು ಡಯಾಲಿಸಿಸ್ ಶುರುಮಾಡಿದ ಮೊದಲ ತಿಂಗಳುಗಳಲ್ಲೇ ದೊಡ್ಡ ಸಂಖ್ಯೆಯವರು ಕೈಬಿಡುವುದನ್ನು ದಾಖಲಿಸಿವೆ.

ಕಸಿ ನಡೆದು ಬಂದ ದಾರಿ

ರಕ್ತನಾಳಗಳನ್ನು ಹೊಲಿಯುವ ಕಲೆಗೆ 1912ರಲ್ಲಿ ಅಲೆಕ್ಸಿಸ್ ಕರೆಲ್ ನೊಬೆಲ್ ಪಡೆದಿದ್ದರು. ಹೊಲಿಯುವುದು ಗೊತ್ತಿದ್ದರೂ ಪರರ ಅಂಗವನ್ನು ದೇಹ ಏಕೆ ಒಪ್ಪುವುದಿಲ್ಲ ಎಂಬುದು ಗೊತ್ತಿರಲಿಲ್ಲ. 1954ರ ಡಿಸೆಂಬರ್ 23ರಂದು ಬೋಸ್ಟನ್ನಿನಲ್ಲಿ ಜೋಸೆಫ್ ಮರೆ ಮಾಡಿದ ಕಸಿ ಗೆದ್ದದ್ದು ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರಿಂದ. ಅಂಗ ತಿರಸ್ಕಾರ ರೋಗನಿರೋಧಕ ವ್ಯವಸ್ಥೆಯ ಕೆಲಸವೆಂದು ಪೀಟರ್ ಮೆಡಾವರ್ ತೋರಿಸಿದ್ದರು. ಆ ವ್ಯವಸ್ಥೆಯನ್ನು ತಗ್ಗಿಸುವ ಅಜಾಥಯೋಪ್ರಿನ್ ಎಂಬ ಔಷಧ ಬಂದಾಗ ಅವಳಿಯಲ್ಲದವರಿಗೂ ಬಾಗಿಲು ತೆರೆಯಿತು. 1969ರಲ್ಲಿ ಪಟೇಲ್ ಮತ್ತು ತೆರಸಾಕಿ ಕಸಿಗೆ ಮೊದಲು ಪಡೆಯುವವರ ರಕ್ತದಲ್ಲಿ ಕೊಡುವವರ ಜೀವಕೋಶಗಳ ವಿರುದ್ಧ ಪ್ರತಿಕಾಯಗಳಿವೆಯೇ ಎಂದು ನೋಡುವ ಪರೀಕ್ಷೆಯ ಮಹತ್ವ ತೋರಿಸಿದರು. ಮೇಜಿನ ಮೇಲೆಯೇ ಮೂತ್ರಪಿಂಡ ಕಪ್ಪಾಗಿ ಸಾಯುವುದು ಅದರಿಂದ ನಿಂತಿತು.

1983ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಅದೇ ಬಗೆಯ ಔಷಧವಾದ ಸೈಕ್ಲೋಸ್ಪೊರಿನ್ ಎಲ್ಲವನ್ನೂ ಬದಲಿಸಿತು. ಅದಕ್ಕೂ ಮೊದಲು ಸತ್ತವರಿಂದ ಪಡೆದ ಮೂತ್ರಪಿಂಡಗಳಲ್ಲಿ ಹೆಚ್ಚುಕಡಿಮೆ ಅರ್ಧ ಒಂದು ವರ್ಷವೂ ಬಾಳುತ್ತಿರಲಿಲ್ಲ. ಆಮೇಲೆ ನೂರಕ್ಕೆ ಸುಮಾರು 80 ಬಾಳಿದವು. 1984ರಲ್ಲಿ ಜಪಾನಿನ ತ್ಸುಕುಬಾ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಟ್ಯಾಕ್ರೋಲಿಮಸ್ ಈಗ ಅದರ ಸ್ಥಾನದಲ್ಲಿದೆ. 2007ರಲ್ಲಿ ಪ್ರಕಟವಾದ, 1645 ರೋಗಿಗಳ ‘ಸಿಂಫನಿ’ ಪ್ರಯೋಗ ಕಡಿಮೆ ಪ್ರಮಾಣದ ಟ್ಯಾಕ್ರೋಲಿಮಸ್, ಮೈಕೊಫಿನೊಲೇಟ್, ಸ್ಟೆರಾಯ್ಡ್ ಕೂಟವೇ ಮೇಲು ಎಂದು ತೋರಿಸಿತು. ಯಾದಗಿರಿಯ ರೋಗಿಯ ಔಷಧ ಚೀಟಿಯಲ್ಲೂ ಇರುವುದು ಇವೇ ಮೂರು ಹೆಸರು.

ಭಾರತದಲ್ಲಿ ಮೊದಲ ಯಶಸ್ವಿ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನಡೆಯಿತು. ಕರ್ನಾಟಕದಲ್ಲಿ ಬೆಂಗಳೂರು, ಮಣಿಪಾಲ, ಬೆಳಗಾವಿಗಳಲ್ಲಿ ಕಸಿ ಕೇಂದ್ರಗಳು ಬೆಳೆದವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ-ಯುರಾಲಜಿ ಸಂಸ್ಥೆ ಸರ್ಕಾರಿ ವಲಯದ ಮುಖ್ಯ ನೆಲೆ.

ಫಲಿತಾಂಶವನ್ನು ಅಳೆಯುವ ಬಗೆ

ಡಯಾಲಿಸಿಸ್ಸಿಗಿಂತ ಕಸಿ ಮೇಲೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ರಾಬರ್ಟ್ ವುಲ್ಫ್ ತಂಡದ 1999ರ ಅಮೆರಿಕನ್ ಅಧ್ಯಯನ. ಕಸಿಗೆ ಯೋಗ್ಯರೆಂದು ಪಟ್ಟಿಯಲ್ಲಿ ಕಾಯುತ್ತಿದ್ದವರನ್ನೂ ಕಸಿ ಪಡೆದವರನ್ನೂ ಹೋಲಿಸಿದರು. ಮೊದಲ ಎರಡು ವಾರ ಕಸಿ ಪಡೆದವರ ಸಾವಿನ ಅಪಾಯ 2.8 ಪಟ್ಟು ಹೆಚ್ಚು. ಆದರೆ ದೀರ್ಘಾವಧಿಯಲ್ಲಿ ನೂರಕ್ಕೆ 68 ಕಡಿಮೆ. ಶಸ್ತ್ರಚಿಕಿತ್ಸೆಯ ಭಯ ನಿಜವಾದದ್ದೇ, ಅದನ್ನು ದಾಟಿದ ಮೇಲಿನ ಲಾಭ ಅದಕ್ಕಿಂತ ದೊಡ್ಡದು.

ಪಶ್ಚಿಮದ ಈ ಅಂಕಿಗಳು ನಮ್ಮಲ್ಲಿ ಹಾಗೇ ಹೊಂದುವುದಿಲ್ಲ, ಅದಕ್ಕೆ ಒಂದು ಕಾರಣ ಕ್ಷಯ. ದೇಹದ ನಿರೋಧ ಶಕ್ತಿಯನ್ನು ಔಷಧದಿಂದ ತಗ್ಗಿಸಿದಾಗ ಒಳಗೆ ಮಲಗಿದ್ದ ಕ್ಷಯ ಏಳುತ್ತದೆ. ವೆಲ್ಲೂರಿನ ಜಿ. ಟಿ. ಜಾನ್ ತಂಡ 2001ರಲ್ಲಿ ವರದಿ ಮಾಡಿದಂತೆ, ಕಸಿ ಪಡೆದ 1251 ಜನರಲ್ಲಿ 166 ಮಂದಿಗೆ ಕ್ಷಯ ಬಂತು, ಅಂದರೆ ನೂರಕ್ಕೆ 13.3. ಚಿಕಿತ್ಸೆಯೂ ಸುಲಭವಲ್ಲ: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಟ್ಯಾಕ್ರೋಲಿಮಸ್ಸನ್ನು ಯಕೃತ್ತಿನಲ್ಲಿ ಬೇಗ ಕರಗಿಸಿ, ಮೂತ್ರಪಿಂಡ ತಿರಸ್ಕಾರಕ್ಕೆ ಈಡುಮಾಡುತ್ತದೆ. ಊರಿನ ಕ್ಷಯ ಕೇಂದ್ರದ ವೈದ್ಯರಿಗೂ ದೂರದ ಕಸಿ ವೈದ್ಯರಿಗೂ ನಡುವೆ ಒಂದು ಫೋನ್ ಕರೆಯಾದರೂ ಇರಬೇಕಾದದ್ದು ಇಂಥ ಕಡೆ.

ಎರಡನೆಯ ಕಾರಣ ಹಣ. ಚಂಡೀಗಢದ ಸರ್ಕಾರಿ ಆಸ್ಪತ್ರೆಯಲ್ಲಿ ಕಸಿ ಮಾಡಿಸಿಕೊಂಡ 50 ಜನರನ್ನು ಹಿಂಬಾಲಿಸಿ ರಾಜಾ ರಾಮಚಂದ್ರನ್ ಮತ್ತು ವಿವೇಕಾನಂದ ಝಾ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೃದಯ ಕಲಕುವಂಥದ್ದು. ಆಸ್ಪತ್ರೆಯ ಶುಲ್ಕ ಬಹಳ ಕಡಿಮೆ ಇದ್ದರೂ ಪ್ರತಿ ಐದರಲ್ಲಿ ನಾಲ್ಕು ಕುಟುಂಬಗಳು ತಡೆಯಲಾರದ ಖರ್ಚಿಗೆ ಸಿಕ್ಕಿದವು. ಕೆಲಸ ಹೋಯಿತು, ಮಕ್ಕಳ ಓದು ನಿಂತಿತು. ಕಸಿ ಎಂಬುದು ಒಂದು ದಿನದ ಶಸ್ತ್ರಚಿಕಿತ್ಸೆಯಲ್ಲ. ಮೂತ್ರಪಿಂಡ ಬಾಳುವಷ್ಟು ದಿನವೂ ಹೊತ್ತಿಗೆ ಸರಿಯಾಗಿ ನುಂಗಬೇಕಾದ ಮಾತ್ರೆ, ಮೇಲಿಂದ ಮೇಲೆ ಮಾಡಿಸಬೇಕಾದ ಟ್ಯಾಕ್ರೋಲಿಮಸ್ ಮಟ್ಟದ ರಕ್ತಪರೀಕ್ಷೆ. ಬದುಕಿರುವವರು ಕೊಟ್ಟ ಮೂತ್ರಪಿಂಡ ಒಳ್ಳೆಯ ಆರೈಕೆಯಲ್ಲಿ 15–20 ವರ್ಷ ಬಾಳಬಲ್ಲದು. ತಿಂಗಳು ಮಾತ್ರೆ ತಪ್ಪಿದರೆ ಆ ಲೆಕ್ಕ ಉಳಿಯುವುದಿಲ್ಲ. ಬಿಪಿಎಲ್ ಕುಟುಂಬಗಳ ಕಸಿಗೆ ರಾಜ್ಯ ಸರ್ಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕೊಡುವ ನೆರವಿನಲ್ಲಿ ಕಸಿಯ ನಂತರದ ಔಷಧಕ್ಕೂ ಪಾಲಿಟ್ಟದ್ದು ಈ ದೃಷ್ಟಿಯಿಂದ ಬಹಳ ಸರಿಯಾದ ಹೆಜ್ಜೆ.

ಕೊಡುವವರು

2023ರಲ್ಲಿ ಭಾರತದಲ್ಲಿ 13,426 ಮೂತ್ರಪಿಂಡ ಕಸಿಗಳು ನಡೆದವು. ಅವುಗಳಲ್ಲಿ 11,791 ಬದುಕಿರುವವರು ಕೊಟ್ಟವು. ಕೊಟ್ಟವರು ಯಾರು? ಹೆಚ್ಚಿನವರು ತಾಯಿ, ಹೆಂಡತಿ, ಅಕ್ಕ, ತಂಗಿ. ಪಡೆದವರು? 1995ರಿಂದ 2021ರ ತನಕ ದೇಶದಲ್ಲಿ ದಾಖಲಾದ 36,640 ಅಂಗಾಂಗ ಕಸಿಗಳಲ್ಲಿ ಹೆಂಗಸರಿಗೆ ಸಿಕ್ಕದ್ದು 6,945 ಮಾತ್ರ. ಗಂಡ ದುಡಿಯುವವನು, ಅವನು ಉಳಿಯಬೇಕು ಎಂಬ ಮಾತಿನಲ್ಲಿ ಹೊಲದಲ್ಲಿ ಅವನಷ್ಟೇ ದುಡಿಯುವ ಹೆಂಡತಿಯ ಲೆಕ್ಕವೇ ಬರುವುದಿಲ್ಲ. ಕಸಿಯ ಫಲಿತಾಂಶಗಳ ಯಾವ ಪಟ್ಟಿಯಲ್ಲೂ ಈ ಅಂಕಿ ಮೊದಲ ಸಾಲಿನಲ್ಲಿ ಇರಬೇಕು.

ಕೊಟ್ಟವರ ಕ್ಷೇಮದ ಬಗ್ಗೆ ಸಂಶೋಧನೆ ಸ್ಪಷ್ಟ. ಅಮೆರಿಕದ 80,347 ದಾನಿಗಳನ್ನು ಗಮನಿಸಿದ 2010ರ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ 90 ದಿನಗಳೊಳಗೆ ಸತ್ತವರು 10,000ಕ್ಕೆ 3.1. ದಾನಿಗಳ ಸ್ವಂತ ಮೂತ್ರಪಿಂಡ 15 ವರ್ಷಗಳಲ್ಲಿ ಸೋಲುವ ಅಪಾಯ 10,000ಕ್ಕೆ 30.8 ಎಂದು 2014ರಲ್ಲಿ 96,217 ದಾನಿಗಳ ಅಧ್ಯಯನ ತಿಳಿಸಿತು. ಅಷ್ಟೇ ಆರೋಗ್ಯವಂತರಾದ ದಾನಿಗಳಲ್ಲದವರಲ್ಲಿ ಅದು 3.9. ಅಪಾಯ ಸಣ್ಣದು, ಆದರೆ ಇಲ್ಲವೆನ್ನುವಂತಿಲ್ಲ. ಮಕ್ಕಳಾಗಬೇಕಿರುವ ಹೆಣ್ಣುಮಕ್ಕಳು ಕೊಟ್ಟರೆ ಆಮೇಲಿನ ಬಸಿರಿನಲ್ಲಿ ಬಿಪಿ ಏರುವ ಸಂಭವ ಹೆಚ್ಚು ಎಂದು ಕೆನಡಾದ ಅಧ್ಯಯನ 2015ರಲ್ಲಿ ತೋರಿಸಿತು: ನೂರಕ್ಕೆ 5ರ ಬದಲು 11. ಕೊಟ್ಟ ತಾಯಿಗೂ ಹೆಂಡತಿಗೂ ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಆದರೆ ಆಸ್ಪತ್ರೆಗೆ ಮತ್ತೆ ಮತ್ತೆ ಕರೆದೊಯ್ಯುವುದು ಪಡೆದವರನ್ನು ಮಾತ್ರ.

ಮಾರಿದವರ ಕಥೆ ಬೇರೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಚೆನ್ನೈ, ಬೆಂಗಳೂರುಗಳ ಸುತ್ತ ಬಡವರ ಮೂತ್ರಪಿಂಡಗಳ ವ್ಯಾಪಾರ ಬೆಳೆದದ್ದರಿಂದಲೇ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. ಮಾಧವ ಗೋಯಲ್ ತಂಡ ಚೆನ್ನೈನಲ್ಲಿ ಮೂತ್ರಪಿಂಡ ಮಾರಿದ 305 ಜನರನ್ನು ಮಾತಾಡಿಸಿ 2002ರಲ್ಲಿ ಬರೆದದ್ದು ಹೀಗೆ: ನೂರಕ್ಕೆ 96 ಜನ ಮಾರಿದ್ದು ಸಾಲ ತೀರಿಸಲು, ಆಮೇಲೆ ಕುಟುಂಬದ ಆದಾಯ ಮೂರನೆಯ ಒಂದು ಭಾಗ ಇಳಿಯಿತು, ಮುಕ್ಕಾಲು ಪಾಲು ಜನರ ಸಾಲ ತೀರಲೇ ಇಲ್ಲ, ನೂರಕ್ಕೆ 86 ಮಂದಿಯ ಆರೋಗ್ಯ ಕೆಟ್ಟಿತು. ಕಾಯ್ದೆ ಹತ್ತಿರದ ನೆಂಟರಿಗೆ ಕೊಡಲು ಅವಕಾಶವಿತ್ತಿತು, 2011ರ ತಿದ್ದುಪಡಿ ಅಜ್ಜ ಅಜ್ಜಿ ಮೊಮ್ಮಕ್ಕಳನ್ನೂ ಸೇರಿಸಿ, ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವುದಕ್ಕೂ ದಾರಿ ಮಾಡಿತು.

ಜೀವಸಾರ್ಥಕತೆ ಮತ್ತು ಗಡಿ

ಹೆಣ್ಣುಮಕ್ಕಳ ಮೇಲಿನ ಈ ಹೊರೆ ಇಳಿಯಬೇಕಾದರೆ ಮಿದುಳು ನಿಷ್ಕ್ರಿಯಗೊಂಡವರ ಅಂಗದಾನ ಹೆಚ್ಚಬೇಕು. ಕಾನೂನಿನ ಪ್ರಕಾರ ನಾಲ್ವರು ವೈದ್ಯರು, ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಕರ್ನಾಟಕದಲ್ಲಿ 2007ರಲ್ಲಿ ಆರಂಭವಾದ ವಲಯ ಸಮನ್ವಯ ಸಮಿತಿಯೇ ಮುಂದೆ ‘ಜೀವಸಾರ್ಥಕತೆ’ ಆಯಿತು. ಕಾಯುವವರ ಪಟ್ಟಿ, ಹಂಚಿಕೆ, ಆಂಬುಲೆನ್ಸಿಗೆ ರಸ್ತೆ ತೆರವು ಮಾಡಿಸುವುದು ಅದರ ಹೊಣೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಮೂತ್ರಪಿಂಡಗಳೂ ಸೇರಿದಂತೆ ಅಂಗಾಂಗಗಳನ್ನು ಮನೆಯವರು ದಾನ ಮಾಡಿದಾಗ ಜೀವಸಾರ್ಥಕತೆಯ ಹೆಸರು ಕನ್ನಡನಾಡಿನ ಹಳ್ಳಿಗಳಿಗೂ ಮುಟ್ಟಿತು. 2022ರಲ್ಲಿ ರಾಜ್ಯದಲ್ಲಿ 151, 2023ರಲ್ಲಿ 178 ದಾನಿಗಳ ಅಂಗಗಳು ಬಳಕೆಯಾದವು. ಅದೇ ವರ್ಷ ತೆಲಂಗಾಣದಲ್ಲಿ 252; ಅಲ್ಲಿಯ ವ್ಯವಸ್ಥೆಯ ಹೆಸರು ‘ಜೀವನ್‌ದಾನ್’.

ಗುರುಮಠಕಲ್ ರೋಗಿಗೆ ಈ ಎರಡು ಅಂಕಿಗಳ ನಡುವಿನ ಗೆರೆ ಬದುಕಿನ ಪ್ರಶ್ನೆ. ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ನೆಂಟಸ್ತನ, ವ್ಯಾಪಾರ, ದವಾಖಾನೆ ಎಲ್ಲವೂ ನಿಜಾಮರ ಕಾಲದಿಂದ ಆ ದಿಕ್ಕಿನಲ್ಲೇ ಇವೆ. ಸತ್ತವರ ಮೂತ್ರಪಿಂಡ ಬಂದಿದೆ ಎಂದು ಕರೆ ಬಂದಾಗ ಕೆಲವೇ ತಾಸುಗಳಲ್ಲಿ ಆಸ್ಪತ್ರೆ ಸೇರಬೇಕು. ಮಂಜಿನ ಪೆಟ್ಟಿಗೆಯಲ್ಲಿ, ಶೀತಲ ದ್ರಾವಣದಲ್ಲಿ ಮೂತ್ರಪಿಂಡ ಒಂದು ದಿನದಷ್ಟು ಉಳಿಯುತ್ತದೆ, ತಡವಾದಷ್ಟೂ ಅದು ಕೆಲಸ ಶುರುಮಾಡುವುದು ನಿಧಾನ. ಆದರೆ ಬಹುಕಾಲ ಹಲವು ರಾಜ್ಯಗಳು ತಮ್ಮ ನಿವಾಸಿಗಳಿಗೆ ಮಾತ್ರ ಪಟ್ಟಿಯಲ್ಲಿ ಜಾಗ ಕೊಡುತ್ತಿದ್ದವು. 2023ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ವಾಸಸ್ಥಳದ ಷರತ್ತನ್ನು, 65 ವಯಸ್ಸಿನ ಮಿತಿಯನ್ನು, ಹೆಸರು ನೋಂದಾಯಿಸಲು ಹಣ ಪಡೆಯುವುದನ್ನು ಕೈಬಿಡುವಂತೆ ರಾಜ್ಯಗಳಿಗೆ ತಿಳಿಸಿತು. ಯಾವ ರಾಜ್ಯದ ಆಸ್ಪತ್ರೆಯಲ್ಲಾದರೂ ಹೆಸರು ಬರೆಸಬಹುದು ಎಂಬುದು ಅದರ ಆಶಯ. ಸ್ಥಳೀಯರಿಗೆ ಆದ್ಯತೆ ಕೊಡುವ ರೂಢಿ ಮತ್ತು ರಾಜ್ಯದ ಗಡಿಗೆ ನಿಲ್ಲುವ ಆರೋಗ್ಯ ವಿಮೆ ಇನ್ನೂ ಬಗೆಹರಿಯಬೇಕಾದ ತೊಡಕುಗಳು.

ಹಂದಿಯ ಮೂತ್ರಪಿಂಡದ ಸುದ್ದಿ ಈಗ ಎಲ್ಲ ಕಡೆ ಕೇಳುತ್ತಿದೆ. 2024ರ ಮಾರ್ಚ್‌ನಲ್ಲಿ ಬೋಸ್ಟನ್ನಿನಲ್ಲಿ 69 ವಂಶವಾಹಿ ಬದಲಾವಣೆ ಮಾಡಿದ ಹಂದಿಯ ಮೂತ್ರಪಿಂಡವನ್ನು ಬದುಕಿರುವ ರೋಗಿಗೆ ಜೋಡಿಸಿದರು; ಅವರು ಸುಮಾರು ಎರಡು ತಿಂಗಳ ನಂತರ ತೀರಿಕೊಂಡರು. ಆ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಬ್ಬರಿಗೆ ಕಸಿ ಮಾಡಿದ್ದು 130 ದಿನ ಕೆಲಸ ಮಾಡಿತು. ಇದು ಪ್ರಯೋಗದ ಹಂತ. ಯಾದಗಿರಿ ಜಿಲ್ಲೆಯ ಮಟ್ಟಿಗೆ ಈ ದಶಕದಲ್ಲಿ ಫಲಿತಾಂಶ ಬದಲಿಸಬಲ್ಲವು ಬೇರೆ ಇವೆ: ಸುರಕ್ಷಿತ ನೀರು, ಆರೋಗ್ಯ ಕೇಂದ್ರದಲ್ಲಿ ಮೂತ್ರದ ಪಟ್ಟಿ, ಗ್ಲಿಫ್ಲೋಜಿನ್ ಮಾತ್ರೆಯ ನಿರಂತರ ಪೂರೈಕೆ, ಟ್ಯಾಕ್ರೋಲಿಮಸ್ ಮಟ್ಟದ ಪರೀಕ್ಷೆಗೆ ಜಿಲ್ಲೆಯಲ್ಲೇ ರಕ್ತ ಪಡೆದು ಕಳಿಸುವ ಏರ್ಪಾಡು, ಮತ್ತು ಗಡಿಯಾಚೆಯ ಆಸ್ಪತ್ರೆಯಲ್ಲೂ ನಡೆಯುವ ವಿಮಾ ಕಾರ್ಡು.